ಕಾಡುಕೋಣಕ್ಕೆ ಬಿದ್ದ ಗುಂಡು

ಆಫ್ರಿಕಾವನ್ನು ನಾನು ನೋಡಿದ್ದು ಅಡುಗೆ ಡೇರೆಯ ಬಾಗಿಲಿನಿಂದ. ಊರಿನಲ್ಲಿ ಈ ಮಾತು ಹೇಳಿದರೆ ಜನ ಕುರ್ಚಿ ಎಳೆದು ಹತ್ತಿರ ಕೂರುತ್ತಾರೆ. ಸಿಂಹ ನೋಡಿದ್ರಾ, ಆನೆ ನೋಡಿದ್ರಾ ಎಂದು ಕೇಳುತ್ತಾರೆ. ನೋಡಿದ್ದೇನೆ. ಆದರೆ ನೆನಪಿಗೆ ಬರುವುದು ಸಿಂಹವಲ್ಲ, ಮೂವತ್ತಮೂರು ದಿನದ ಸುಸ್ತು. ಇಪ್ಪತ್ತೊಂದು ದಿನಕ್ಕೆಂದು ಹೊರಟ ಬೇಟೆ ಮೂವತ್ತಮೂರು ದಿನವಾದದ್ದು ನನ್ನ ಬಾಯಿಯಿಂದಾಗಿ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ಉಡುಪಿಯಿಂದ ಬೊಂಬಾಯಿಗೆ ಹೋದೆ. ಹೋಟೆಲಿನಲ್ಲಿ ಗ್ಲಾಸು ತೊಳೆದೆ, ಆಮೇಲೆ ಒಲೆಯ ಮುಂದೆ ನಿಂತೆ, ಆಮೇಲೆ ಡ್ರೈವಿಂಗ್ ಕಲಿತೆ. ಯಾರ ಶಿಫಾರಸೂ ಇಲ್ಲದೆ ಕಲಿತ ಕೆಲಸಗಳು. ಎಂಬತ್ತರ ದಶಕದ ಕೊನೆಗೆ ಸೌದಿಯ ಉನೈಜಾದಲ್ಲಿ ಒಬ್ಬ ಅರಬಿಯ ಮನೆಗೆ ಡ್ರೈವರ್ ಆಗಿ ಸೇರಿದೆ. ಖರ್ಜೂರದ ತೋಟ, ನೀರಿನ ಪಂಪಿನ ಅಂಗಡಿ ಇದ್ದ ಮನುಷ್ಯ. ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅವರೇ. ನಾವು ಕೆಲಸದವರೆಲ್ಲ ಬಾಬಾ ಎಂದು ಕರೆಯುತ್ತಿದ್ದೆವು. ಮನೆಯ ಅಡುಗೆಯವನು ರಜೆಗೆ ಹೋದವನು ತಿರುಗಿ ಬರಲಿಲ್ಲ. ಎರಡು ದಿನಕ್ಕೆಂದು ನಾನು ಸೌಟು ಹಿಡಿದೆ. ಅಂದಿನಿಂದ ಕಾರೂ ನನ್ನದೇ, ಅರಬಿಗಳ ಮಾಂಸದನ್ನ ಕಬ್ಸಾದ ಪಾತ್ರೆಯೂ ನನ್ನದೇ.

ಆ ಮನೆಯಲ್ಲಿ ಒಂದು ಕ್ರಮವಿತ್ತು. ಅಲ್ಲಿ ವಾಸಿಸಲು ಕೊಡುವ ಪರವಾನಗಿ ಪುಸ್ತಕ ಇಕಾಮಾ, ನನ್ನದು ಕಂದು ಬಣ್ಣದ್ದು, ಅಂದರೆ ಮುಸ್ಲಿಮನಲ್ಲ ಎಂಬ ಗುರುತು. ನಾನು ಎಷ್ಟು ಬೇಕಾದರೂ ಬೇಯಿಸಬಹುದು, ಆದರೆ ಜೀವ ಇರುವ ಕೋಳಿಗೆ ಕತ್ತಿ ಮುಟ್ಟಿಸುವಂತಿಲ್ಲ. ಅದಕ್ಕೆ ತೋಟದಿಂದ ಮಂಗಳೂರಿನ ಕಡೆಯ ಒಬ್ಬ ಬ್ಯಾರಿ ಬರುತ್ತಿದ್ದ. ಅವನು ಬಿಸ್ಮಿಲ್ಲಾ ಎಂದು ಅಲ್ಲಾಹನ ಹೆಸರು ಹೇಳಿ ಕೊಯ್ದುಕೊಟ್ಟದ್ದನ್ನು ಮಾತ್ರ ನಾನು ಒಲೆಗೆ ಹಾಕುವುದು. ಒಮ್ಮೆ ಅವನು ಜ್ವರ ಬಂದು ಮಲಗಿದಾಗ ಮನೆಯವರೆಲ್ಲ ಮೂರು ದಿನ ಬೇಳೆಸಾರು ಉಂಡರು. ಬಾಬಾ ಒಂದು ಮಾತು ಆಡಲಿಲ್ಲ. ನನ್ನ ಪಾತ್ರೆಯಿಂದ ಬಂದ ಮೇಲೆ ಇದು ಹೇಗೆ, ಯಾರು ಕೊಯ್ದದ್ದು ಎಂದು ಅವರು ಯಾವತ್ತೂ ಕೇಳಿದವರಲ್ಲ. ಶಾಲೆಯ ಸರ್ಟಿಫಿಕೇಟ್ ಇಲ್ಲದ ನನಗೆ ಅದೇ ಸರ್ಟಿಫಿಕೇಟ್ ಆಗಿತ್ತು.

ಬಾಬಾನಿಗೆ ಬೇಟೆಯ ಹುಚ್ಚು. ಚಳಿಗಾಲದಲ್ಲಿ ಗಿಡುಗ ಹಿಡಿದುಕೊಂಡು ಮರುಭೂಮಿಗೆ ಹೋಗುತ್ತಿದ್ದರು, ನಾನು ಕಾರು ಓಡಿಸುತ್ತಿದ್ದೆ. ಅವರ ಕಣ್ಣು ಮಂಜಾಗಿದೆ ಎಂದು ನನಗೆ ತಿಳಿದದ್ದೂ ಆ ಓಡಾಟದಲ್ಲೇ. ಚಹಾ ಸುರಿಯುವ ಮೊದಲು ಬೆರಳಿನಿಂದ ಲೋಟ ಮುಟ್ಟಿ ನೋಡುತ್ತಿದ್ದರು. ಕಾರಿನಿಂದ ಇಳಿಯುವಾಗ ಒಂದು ಕಾಲಿನಿಂದ ನೆಲ ಹುಡುಕುತ್ತಿದ್ದರು. ಗಿಡುಗನ ಬೇಟೆಯಲ್ಲಿ ಅದು ಹೊರಗೆ ಬೀಳಲಿಲ್ಲ, ನೋಡುವ ಕೆಲಸ ಗಿಡುಗನದ್ದು. ಮನೆಯವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಿಸಿಕೊಳ್ಳುವ ಜಾತಿಯ ಮನುಷ್ಯ ಅಲ್ಲ ಅವರು.

ಹೀಗಿರುವಾಗ ಊರಿನಿಂದ ಕಾಗದ ಬಂತು. ತಂಗಿಯ ಮದುವೆ ನಿಶ್ಚಯವಾಗಿತ್ತು. ಹುಡುಗ ಹಡಗಿನಲ್ಲಿ ಕೆಲಸ ಮಾಡುವವನು, ರಜೆ ಒಂದೂವರೆ ತಿಂಗಳು. ಅಡ್ವೆಂಟ್ ಎಂಬ ವ್ರತದ ವಾರಗಳು ಶುರುವಾದರೆ ಕ್ರಿಸ್ಮಸ್ ಕಳೆಯುವವರೆಗೆ ಇಗರ್ಜಿಯಲ್ಲಿ ಮದುವೆ ಇಲ್ಲ. ಅಷ್ಟರೊಳಗೆ ಅವನು ಹಡಗು ಹತ್ತಬೇಕು. ಹಾಗಾಗಿ ನವೆಂಬರಿನ ಒಂದು ಬುಧವಾರ. ಹಿಂದೆಮುಂದೆ ಮಾಡುವಂತಿಲ್ಲ. ನಮ್ಮಲ್ಲಿ ಮದುವೆಯ ಊಟವಾದ ಮೇಲೆ ಹೆಣ್ಣಿನ ಕೈ ಹಿಡಿದು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಶಾಸ್ತ್ರವಿದೆ. ಅಪ್ಪ ಮಾಡಬೇಕಾದದ್ದು. ಅಪ್ಪ ಇಲ್ಲದಿದ್ದರೆ ಅಣ್ಣ. ಅಮ್ಮ ಕಾಗದದ ಕೊನೆಯಲ್ಲಿ, "ನೀನು ಬಂದರೆ ಮಾತ್ರ ನನಗೆ ಧೈರ್ಯ" ಎಂದು ಬರೆಸಿದ್ದಳು. ನಾನು ಊರಿಗೆ ಹೋಗದೆ ಮೂರು ವರ್ಷ ದಾಟಿತ್ತು.

ಬಾಬಾನಿಗೆ ಹೇಳಿದೆ. ಅವರು ತಲೆಯಾಡಿಸಿದರು.

"ಹೋಗು ಸದೀಖ್. ಆದರೆ ಮೊದಲು ನನ್ನ ಜೊತೆ ಆಫ್ರಿಕಾ. ಕಾಡುಕೋಣ ಬಿದ್ದ ದಿನವೇ ವಾಪಸು ಹೊರಡುವುದು, ಅದು ಎರಡನೇ ದಿನವಾದರೂ ಸರಿ. ಬಂದ ಕೂಡಲೇ ನಿನ್ನ ರಜೆ."

ಸದೀಖ್ ಎಂದರೆ ಗೆಳೆಯ. ಅಲ್ಲಿ ಕೆಲಸದವರನ್ನೆಲ್ಲ ಹಾಗೆಯೇ ಕರೆಯುವುದು.

ನನ್ನನ್ನೇ ಯಾಕೆ ಕರೆದುಕೊಂಡು ಹೋದರೆಂದರೆ, ಬೇರೆಯವರ ಕೈಯಡುಗೆ ಅವರಿಗೆ ಆಗದು. ಅಲ್ಲದೆ ಅಲ್ಲಿಯ ಬೇಟೆಯ ಗೈಡ್ ಇಂಗ್ಲಿಷಿನವನು, ಬಾಬಾನಿಗೆ ಅರಬಿ ಬಿಟ್ಟರೆ ಬೇರೆ ಬಾರದು. ಬೊಂಬಾಯಿ ಹೋಟೆಲಿನಲ್ಲಿ ಹೆಕ್ಕಿದ ನನ್ನ ಇಂಗ್ಲಿಷೇ ಸೇತುವೆ. ಬ್ಯಾರಿ ನಕ್ಕ.

"ನೀನು ಎಂತ ಮಾರಾಯ, ಡ್ರೈವರ್, ಬಟ್ಲರ್, ಈಗ ದುಭಾಷಿ ಬೇರೆ! ಇನ್ನು ಬಂದೂಕು ಮಾತ್ರ ಬಾಕಿ."

"ಅದನ್ನೂ ನಾನೇ ಹೊಡೆದ್ರೆ ಬೇಗ ಮುಗಿತಿತ್ತು" ಎಂದೆ.

ಟಾಂಜಾನಿಯಾದ ದಕ್ಷಿಣದ ಕಾಡು. ಕಾಡೆಂದರೆ ನಮ್ಮ ಕಡೆಯ ಹಸಿರು ಕಾಡಲ್ಲ. ಒಣ ಹುಲ್ಲು, ಮುಳ್ಳು, ಅಲ್ಲಲ್ಲಿ ಸುಟ್ಟ ಕಪ್ಪು ನೆಲ, ಆಳೆತ್ತರದ ಹುತ್ತಗಳು. ಸೆಟ್ಸೆ ಎಂಬ ನೊಣ ಅಂಗಿಯ ಮೇಲಿಂದಲೇ ಕಚ್ಚುತ್ತಿತ್ತು. ಗೈಡ್ ಐವತ್ತು ದಾಟಿದ ಬಿಳಿಯ, ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ. ಅವನ ಜೊತೆ ಹೆಜ್ಜೆ ಗುರುತು ಹಿಡಿಯುವ ಒಬ್ಬ ಮುದುಕ ಇದ್ದ. ಸೊಂಟದಲ್ಲಿ ಕತ್ತಿ, ತಲೆಯ ಮೇಲೆ ಬಿಳಿ ಟೊಪ್ಪಿ, ಐದು ಹೊತ್ತು ನಮಾಜು. ಸಗಣಿಗೆ ಬೆರಳು ಮುಟ್ಟಿಸಿ, ಹಿಂಡು ಎಷ್ಟು ಮುಂದೆ ಹೋಗಿದೆ ಎಂದು ಹೇಳುತ್ತಿದ್ದ. ಪ್ರಾಣಿ ಬಿದ್ದ ಕೂಡಲೇ ಓಡಿಹೋಗಿ ಬಿಸ್ಮಿಲ್ಲಾ ಹೇಳಿ ಕತ್ತು ಕೊಯ್ಯುವುದೂ ಅವನ ಕೆಲಸ. ಅವನು ಮುಸ್ಲಿಮನೆಂದು ತಿಳಿದು ಬಾಬಾ ಸಮಾಧಾನಪಟ್ಟರು.

ಅವರ ದಿನ ಹೀಗೆ: ಬೆಳಗಾಗುವ ಮೊದಲು ಚಹಾ, ಮೂರು ತಾಸು ಕಾರು, ಆಮೇಲೆ ನಡಿಗೆ. ನನ್ನ ದಿನ ಅದಕ್ಕಿಂತ ಒಂದು ತಾಸು ಮೊದಲು ಒಲೆಯ ಮುಂದೆ ಶುರು. ಹೊರಡುವಾಗ ಗೈಡಿಗೆ ಒಲೆಯ ಬೂದಿ ಜರಡಿ ಹಿಡಿದು ಒಂದು ಚಿಕ್ಕ ಬಟ್ಟೆಚೀಲದಲ್ಲಿ ತುಂಬಿ ಕೊಡಬೇಕಿತ್ತು. ನಡೆಯುವಾಗ ಅವನು ಆ ಚೀಲವನ್ನು ಅಲುಗಿಸುತ್ತಿದ್ದ. ಬೂದಿ ಯಾವ ಕಡೆಗೆ ಹಾರುತ್ತದೋ ಆ ಕಡೆಗೆ ಗಾಳಿ. ನಮ್ಮ ವಾಸನೆ ಕಾಡುಕೋಣಕ್ಕೆ ಮುಟ್ಟಿದರೆ ಆ ದಿನ ಮುಗಿದಂತೆ. ನಾನು ನೀರು ಹೊತ್ತು ಬಾಬಾನ ಮುಂದೆ ನಡೆಯುತ್ತಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಬರುತ್ತಿದ್ದರು. ಮಂಡಿ ನೋವು ಎಂದು ಹೇಳಿಕೊಂಡಿದ್ದರು.

ಮೂರನೇ ದಿನ ಗೈಡ್ ನನ್ನನ್ನು ಬದಿಗೆ ಕರೆದ. "ನಿನ್ನ ಸಾಹೇಬರಿಗೆ ಕಣ್ಣು ಕಾಣುವುದಿಲ್ಲ ಅಲ್ಲವಾ?"

"ನಾನು ಅಡುಗೆಯವನು. ಕಣ್ಣಿನ ಡಾಕ್ಟರಲ್ಲ" ಎಂದೆ.

ಅವನು ನಗಲಿಲ್ಲ. ಅಂದಿನಿಂದ ಬಾಬಾ ಗುರಿ ಹಿಡಿದಾಗಲೆಲ್ಲ ಅವನೂ ಅವರ ಬೆನ್ನ ಹಿಂದೆ ಬಂದೂಕು ಎತ್ತುತ್ತಿದ್ದ. ಬಾಬಾ ಬಂದೂಕಿನ ಕುದುರೆ ಎಳೆದ ಗಳಿಗೆಯಲ್ಲೇ ಅವನೂ ಎಳೆಯುತ್ತಿದ್ದ. ಎರಡು ಗುಂಡು, ಒಂದು ಸದ್ದು. ಇಂಥ ಗಿರಾಕಿಗಳಿಗೆ ಹೀಗೆ ಮಾಡುವುದು ಅವರಲ್ಲಿ ಹೊಸತಲ್ಲವಂತೆ. ಹಾಗೆ ಮೂರು ಜಿಂಕೆ ಬಿದ್ದವು. ಮುದುಕ ಓಡಿಹೋಗಿ, ಅವು ಕಾಲು ಬಡಿಯುತ್ತಿರುವಾಗಲೇ ಕೊಯ್ದ. ಜೀವ ಇರುವಾಗ ಕತ್ತಿ ಬಿದ್ದರೆ ಯಾರ ಗುಂಡು ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರೂ ಉಂಡೆವು.

ಕಾಡುಕೋಣ ಮಾತ್ರ ಸಿಗಲಿಲ್ಲ. ಒಂದು ದಿನ ಗಾಳಿ ತಿರುಗಿತು. ಒಂದು ದಿನ ಹಿಂಡಿನಲ್ಲಿ ಬರೀ ಹೆಣ್ಣು, ಕರು. ಒಂದು ದಿನ ಆರು ತಾಸು ನಡೆದು ಹೊರಟಲ್ಲಿಗೇ ಬಂದೆವು. ನನ್ನ ಕಾಲಿನ ಬೆರಳುಗಳ ಉಗುರು ಕಪ್ಪಾದವು. ಡೇರೆಯ ಕಂಬಕ್ಕೆ ನಾನು ಒಂದು ಕ್ಯಾಲೆಂಡರ್ ಹಾಳೆ ಸಿಕ್ಕಿಸಿದ್ದೆ. ಪಾಸ್‌ಪೋರ್ಟ್ ಕಚೇರಿಗೆ ಇಷ್ಟು ದಿನ, ಟಿಕೆಟಿಗೆ ಇಷ್ಟು, ಬೊಂಬಾಯಿಯಿಂದ ಬಸ್ಸಿಗೆ ಇಷ್ಟು ಎಂದು ಹಿಂದಿನಿಂದ ಎಣಿಸಿಕೊಂಡು ಬಂದರೆ, ಇಪ್ಪತ್ತೊಂದನೇ ದಿನ ಹೊರಟರೂ ಸಾಕಿತ್ತು. ಆದರೆ ಬಾಬಾ ಆಗಲೇ ಗೈಡಿನ ಹತ್ತಿರ ನನ್ನ ಬಾಯಿಂದಲೇ ಕೇಳಿಸಿದ್ದರು: ಸಿಗದಿದ್ದರೆ ಇನ್ನೊಂದು ಹನ್ನೆರಡು ದಿನ ಕ್ಯಾಂಪ್ ಖಾಲಿ ಇದೆಯಾ? ಇದೆ ಎಂದಿದ್ದ. ಹನ್ನೆರಡು ದಿನ ಹೆಚ್ಚಾದರೆ ನನ್ನ ಬುಧವಾರ ಹೋಯಿತು.

ಹದಿನಾರನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಒಂಟಿ ಗಂಡು ಸಿಕ್ಕಿತು. ಮುಳ್ಳುಪೊದೆಯ ಅಂಚಿನಲ್ಲಿ, ಅರವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಕೆಸರು ಒಣಗಿದ ಮೈ, ಹಣೆಯ ಮೇಲೆ ಹೆಲ್ಮೆಟ್ ಇಟ್ಟಂಥ ಕೊಂಬು. ನಮ್ಮೂರ ಕಂಬಳದ ಕೋಣಗಳನ್ನು ಹತ್ತಿರದಿಂದ ನೋಡಿದವನು ನಾನು. ಇದು ಅವುಗಳ ದೊಡ್ಡಪ್ಪ. ಗೈಡ್ ಮೂರು ಕಾಲಿನ ಕೋಲು ನಿಲ್ಲಿಸಿದ. ಬಾಬಾ ಅದರ ಮೇಲೆ ಬಂದೂಕು ಇಟ್ಟರು.

"ಕಾಣುತ್ತಿದೆಯಾ ಕೇಳು" ಎಂದ ಗೈಡ್ ಪಿಸುದನಿಯಲ್ಲಿ.

ಕೇಳಿದೆ. "ಕಾಣದೆ ಏನು?" ಎಂದರು ಬಾಬಾ.

ಬಂದೂಕಿನ ನಳಿಗೆ ನೋಡಿದೆ. ಅದು ಕೋಣದ ಎಡಕ್ಕಿದ್ದ ಹುತ್ತದ ಕಡೆಗಿತ್ತು. ಹುತ್ತವೂ ಕಪ್ಪು, ಕೋಣವೂ ಕಪ್ಪು. ನಾನು ಬಾಯಿ ತೆರೆಯುವುದರೊಳಗೆ ಬಾಬಾ ಬಿಸ್ಮಿಲ್ಲಾ ಎಂದರು. ಗುಂಡು ಹಾರಿತು, ಬೆನ್ನ ಹಿಂದೆ ಗೈಡಿನದ್ದೂ. ಹುತ್ತದ ಮೇಲಿನಿಂದ ಕೆಂಪು ಮಣ್ಣು ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕೋಣ ಒಮ್ಮೆ ಮುಗ್ಗರಿಸಿ ಪೊದೆಯೊಳಗೆ ನುಗ್ಗಿತು.

"ಯಲ್ಲಾ! ಕತ್ತಿ!" ಬಾಬಾ ಮುದುಕನನ್ನು ತಳ್ಳಿದರು.

ಗೈಡ್ ಅಡ್ಡ ಕೈ ಹಿಡಿದ. ಗಾಯಗೊಂಡ ಕಾಡುಕೋಣದ ಹಿಂದೆ ಪೊದೆಗೆ ಹೋದವರು ಹೊರಗೆ ಬರುವುದಿಲ್ಲ. ಅದು ಸಾಯುವಾಗ ಕೂಗುತ್ತದೆ, ಆ ಕೂಗು ಕೇಳುವವರೆಗೆ ಯಾರೂ ಹೆಜ್ಜೆ ಇಡಬಾರದು. ಇದು ಅವನ ಕಾನೂನು. ಬಾಬಾ ಬೈದರು. ನಾನು ಬೈಗುಳ ಬಿಟ್ಟು ಉಳಿದದ್ದನ್ನು ದಾಟಿಸಿದೆ. ಅವನು ಅಲುಗಲಿಲ್ಲ. ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಂತೆವು. ಆಮೇಲೆ ಪೊದೆಯ ಒಳಗಿಂದ ಒಂದು ಉದ್ದನೆಯ ನರಳಾಟ ಬಂತು, ನಿಂತಿತು. ಹೋಗಿ ನೋಡಿದಾಗ ಕೋಣ ಸತ್ತಿತ್ತು. ಮುದುಕ ಕತ್ತಿಯನ್ನು ಹೊರಗೆ ತೆಗೆಯಲೇ ಇಲ್ಲ.

ಬಾಬಾ ಮಂಡಿಯೂರಿ ಅದರ ಮೈಮೇಲೆ ಕೈಯಾಡಿಸಿದರು. ಭುಜದ ಹಿಂದೆ ಬೆರಳಿಗೆ ಒಂದು ತೂತು ಸಿಕ್ಕಿತು. ಇನ್ನೊಂದಕ್ಕೆ ಹುಡುಕಿದರು. ಇರಲಿಲ್ಲ.

"ಸದೀಖ್, ಎರಡು ಸದ್ದು ಕೇಳಿದ ಹಾಗಾಯಿತು. ಇದು ಯಾರ ಗುಂಡು?"

ಅವರ ಲೆಕ್ಕ ಸರಳ. ಬಿಸ್ಮಿಲ್ಲಾ ಹೇಳಿ ಹೊಡೆದ ಗುಂಡಿನಿಂದ ಸತ್ತಿದ್ದರೆ ತಿನ್ನಬಹುದು. ಅದನ್ನು ಹೇಳದ ಇನ್ನೊಬ್ಬನ ಗುಂಡಿನಿಂದ ಸತ್ತಿದ್ದರೆ ತಿನ್ನುವಂತಿಲ್ಲ, ತನ್ನ ಬೇಟೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಹಿಂದೊಮ್ಮೆ ಮರುಭೂಮಿಯಲ್ಲಿ ಅವರ ನಾಯಿಯ ಜೊತೆ ಯಾರದೋ ಬೇರೆ ನಾಯಿಯೂ ಸೇರಿ ಮೊಲ ಹಿಡಿದಾಗ, ಮುಟ್ಟದೆ ಅಲ್ಲೇ ಬಿಟ್ಟು ಬಂದಿದ್ದರು.

ಗೈಡಿಗೆ ಪ್ರಶ್ನೆ ಅರ್ಥವಾಗಿರಬೇಕು. "ಅವರದ್ದೇ ಎನ್ನು. ಒಳ್ಳೆಯ ಗುರಿ ಎನ್ನು. ಎಲ್ಲರೂ ಮನೆಗೆ ಹೋಗೋಣ" ಎಂದ.

ಅವನು ಹೇಳಿಕೊಟ್ಟದ್ದರಿಂದ ನಾನು ಸುಳ್ಳು ಹೇಳಿದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಸಾಕಾಗಿತ್ತು. ಕಂಬದ ಮೇಲಿನ ಹಾಳೆ ಕಣ್ಣ ಮುಂದೆ ಇತ್ತು.

"ನಿಮ್ಮದೇ ಬಾಬಾ. ಅವನದ್ದು ಹುತ್ತಕ್ಕೆ ಬಿತ್ತು."

ಬಾಬಾ ಎದ್ದು ನನ್ನ ಎರಡೂ ಭುಜ ಹಿಡಿದು ಅಲುಗಿಸಿದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ನಾಳೆ ಹೊರಡೋಣ. ನಿನ್ನ ತಂಗಿಯ ಮದುವೆಗೆ ನೀನು ಎಲ್ಲರಿಗಿಂತ ಮೊದಲು ಮುಟ್ಟುತ್ತೀ!"

ಮಧ್ಯಾಹ್ನ ಕ್ಯಾಂಪಿಗೆ ಬಂದು ಬಾಬಾ ಹೇಳಿದಂತೆ ಕೋಣದ ಲಿವರ್ ಹೆಚ್ಚಿ ಒಲೆಗಿಟ್ಟೆ. ಈರುಳ್ಳಿ, ಜೀರಿಗೆ, ಉನೈಜಾದಿಂದ ತಂದ ಒಣ ಲಿಂಬೆ. ಒಳ್ಳೆಯ ಪರಿಮಳ ಬಂತು. ಹೊರಗೆ ಕ್ಯಾಂಪಿನ ಕೆಲಸದವರೆಲ್ಲ ಬೆಂಕಿಯ ಸುತ್ತ ಕುಳಿತು ಮಾಂಸ ಸುಡುತ್ತಿದ್ದರು, ಹಾಡು, ನಗು. ಮುದುಕ ಮಾತ್ರ ದೂರ ಒಂದು ಮರದ ಬುಡದಲ್ಲಿ ಜೋಳದ ಮುದ್ದೆ ಮತ್ತು ಬೀನ್ಸ್ ತಿನ್ನುತ್ತಿದ್ದ. ಯಾರೋ ಎದ್ದುಹೋಗಿ ಅವನ ತಟ್ಟೆಗೆ ಒಂದು ತುಂಡು ಹಾಕಲು ಬಂದರು. ಅವನು ತಟ್ಟೆಯ ಮೇಲೆ ಅಂಗೈ ಮುಚ್ಚಿದ. ಆಮೇಲೆ ತಲೆಯೆತ್ತಿ ಅಡುಗೆ ಡೇರೆಯ ಕಡೆಗೆ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ನೋಡಿ, ಮತ್ತೆ ಮುದ್ದೆ ಮುರಿದ.

ಅವನೂ ಹುತ್ತ ನೋಡಿದ್ದ. ಅವನಿಗೆ ಅರಬಿ ಬಾರದು, ಬಾಬಾನಿಗೆ ಹೇಳಲಾರ. ಹಾಗಾಗಿ ತಾನು ತಿನ್ನಲಿಲ್ಲ, ಅಷ್ಟೇ.

ತಟ್ಟೆ ಹಿಡಿದು ಬಾಬಾನ ಡೇರೆಗೆ ನಡೆದೆ. ಇಪ್ಪತ್ತು ಹೆಜ್ಜೆಯ ದಾರಿ. ಹೇಳಬೇಕು ಎಂದು ನಿರ್ಧರಿಸಿ ಹೊರಟವನಲ್ಲ ನಾನು. ಬಾಬಾ ಕೈ ತೊಳೆದು ಚಾಪೆಯ ಮೇಲೆ ಕಾಯುತ್ತಿದ್ದರು. ತಟ್ಟೆ ಇಟ್ಟೆ. ಅವರು ಯಾವಾಗಿನಂತೆ ಏನೂ ಕೇಳಲಿಲ್ಲ. ಬಿಸ್ಮಿಲ್ಲಾ ಎಂದು ಕೈ ಚಾಚಿದರು.

"ಬಾಬಾ, ತಿನ್ನಬೇಡಿ."

ಕೈ ಅಲ್ಲೇ ನಿಂತಿತು.

"ಹುತ್ತಕ್ಕೆ ಬಿದ್ದದ್ದು ನಿಮ್ಮ ಗುಂಡು."

ಅವರು ಕೈ ಹಿಂದೆ ತೆಗೆದು, ಏನೂ ಅಂಟಿರದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡರು.

"ಬೆಳಿಗ್ಗೆ ಕೇಳಿದಾಗ?"

"ತಂಗಿಯ ಮದುವೆ ತಪ್ಪುತ್ತದೆಂದು ಹಾಗೆ ಹೇಳಿದೆ."

"ನನಗೆ ಕಣ್ಣಿಲ್ಲವೆಂದು ಯಾವಾಗಿನಿಂದ ಗೊತ್ತು?"

"ಎರಡು ವರ್ಷ ಆಯಿತು."

"ಎರಡು ವರ್ಷ ನನ್ನ ಪಕ್ಕದಲ್ಲಿ ಕೂತು ಸುಮ್ಮನಿದ್ದೆ. ಇವತ್ತೂ ಸುಮ್ಮನಿರಬಹುದಿತ್ತು."

"ಅಡುಗೆ ನನ್ನದು ಬಾಬಾ" ಎಂದೆ.

"ತಟ್ಟೆ ತೆಗೆ. ಖರ್ಜೂರ ತಾ. ಅವನನ್ನು ಕರೆ."

ಗೈಡ್ ಬಂದ. ಬಾಬಾ ನೆಲ ನೋಡುತ್ತಾ ಹೇಳಿದರು: ಇನ್ನು ಮುಂದೆ ನಾನು ಗುರಿ ಹಿಡಿದಾಗ ನೀನು ಬಂದೂಕು ಮುಟ್ಟಬೇಡ. ನನ್ನ ಗುಂಡಿನಿಂದ ಒಂದು ಬೀಳುವವರೆಗೆ ನಾನು ಹೋಗುವುದಿಲ್ಲ. ಹನ್ನೆರಡು ದಿನ ಹೆಚ್ಚಿಗೆ ಬರೆದುಕೋ.

ಅಷ್ಟನ್ನೂ ಇಂಗ್ಲಿಷಿಗೆ ನಾನೇ ತಿರುಗಿಸಿ ಹೇಳಬೇಕಾಯಿತು. ಗೈಡ್ ನನ್ನನ್ನೇ ನೋಡಿದ. "ನಿನಗೆ ತಲೆ ಸರಿಯಿದೆಯಾ?" ಎಂದ. ಅದನ್ನು ಅರಬಿಗೆ ತಿರುಗಿಸಲಿಲ್ಲ.

ಆಮೇಲಿನ ದಿನಗಳದ್ದು ಬರೆಯುವಂಥದ್ದೇನಿಲ್ಲ. ಎದ್ದೆವು, ನಡೆದೆವು, ಬಂದೆವು. ಬಾಬಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ, ಆದರೆ ಹೆಗಲ ಮೇಲೆ ಕೈಯಿಡುವುದನ್ನು ಬಿಡಲಿಲ್ಲ, ಬಿಟ್ಟರೆ ಬೀಳುತ್ತಿದ್ದರು. ಎರಡು ಸಲ ಕಾಡುಕೋಣ ಎದುರಾಯಿತು. ಅವರು ಬಂದೂಕು ಇಟ್ಟು, "ನಳಿಗೆಯ ಮುಂದೆ ಇದೆಯಾ? ನಿಜ ಹೇಳು" ಎಂದು ಕೇಳಿದರು. "ಇಲ್ಲ ಬಾಬಾ, ಬಲಕ್ಕೆ" ಎಂದೆ. ಅವರು ಬಲಕ್ಕೆ ತಿರುಗಿಸುವುದರೊಳಗೆ ಪೊದೆ ಮಾತ್ರ ಉಳಿದಿತ್ತು. ಕೊನೆಯ ದಿನದವರೆಗೆ ಒಂದು ಗುಂಡೂ ಹಾರಲಿಲ್ಲ.

ಉನೈಜಾಕ್ಕೆ ಬಂದು ಮುಟ್ಟುವಾಗ ಬುಧವಾರ ಸಂಜೆ. ಮದುವೆಗೆ ಇನ್ನು ಏಳು ದಿನ. ಬಾಬಾ ತಡೆಯಲಿಲ್ಲ, ಅದನ್ನು ಹೇಳಲೇಬೇಕು. ಗುರುವಾರ, ಶುಕ್ರವಾರ ಕಚೇರಿಗಳಿಗೆ ರಜೆ. ಶನಿವಾರ ತಾವೇ ಕಚೇರಿಗೆ ಬಂದು ನನ್ನ ರಜೆಯ ಕಾಗದ ಕೊಟ್ಟರು. ಸೋಮವಾರ ಪಾಸ್‌ಪೋರ್ಟಿಗೆ ದೇಶ ಬಿಡುವ ಮುದ್ರೆ ಬಿತ್ತು. ಬೊಂಬಾಯಿ ವಿಮಾನದಲ್ಲಿ ಮೊದಲು ಸಿಕ್ಕಿದ ಸೀಟು ಶುಕ್ರವಾರದ್ದು.

ಬ್ಯಾರಿಗೆ ಕಥೆಯೆಲ್ಲ ಹೇಳಿದೆ. ಅವನು ಹಣೆ ಬಡಿದುಕೊಂಡ.

"ಗೊತ್ತಿಲ್ಲದೆ ತಿಂದ್ರೆ ಅವ್ರಿಗೆ ಪಾಪ ಇಲ್ಲ ಮಾರಾಯ. ಪಾಪ ಪೂರಾ ನಿಂಗೇ ಬರ್ತಿತ್ತು. ನೀನು ಹೇಗೂ ನಿಮ್ಮ ಪಾದ್ರಿ ಹತ್ರ ಹೇಳಿ ಕಳ್ಕೊಳ್ತಿದ್ದಿ!"

"ನೀನಾದ್ರೆ ಹೇಳ್ತಿರ್ಲಿಲ್ವಾ?"

ಅವನು ತಲೆ ಕೆರೆದುಕೊಂಡ. "ನನ್ನ ತಂಗಿ ಮದುವೆ ಆಗಿದ್ರೆ... ಎಂತದೋ, ನನ್ನ ಹತ್ರ ಕೇಳ್ಬೇಡ."

ಮದುವೆಯ ಬುಧವಾರ ಬೆಳಿಗ್ಗೆ ಬಾಬಾ ಕಾರಿನ ಹತ್ತಿರ ಬಂದು ನಿಂತರು. "ನಡಿ, ಬುರೈದಾಕ್ಕೆ. ಕಣ್ಣು ತೋರಿಸಬೇಕು." ಅಷ್ಟೇ ಹೇಳಿದ್ದು. ಊರಿನ ಇಗರ್ಜಿಯಲ್ಲಿ ತಂಗಿ ಉಂಗುರ ತೊಡುತ್ತಿದ್ದ ಹೊತ್ತಿಗೆ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಅವರ ಚಪ್ಪಲಿ ಕಾಯುತ್ತಾ ಕುಳಿತಿದ್ದೆ. ಹೊರಗೆ ಬಂದವರು ಡಾಕ್ಟರು ಕೊಟ್ಟ ಕಪ್ಪು ಕನ್ನಡಕದ ಒಳಗಿಂದ ನೀರು ಒರೆಸಿಕೊಳ್ಳುತ್ತಾ, "ಇವತ್ತೇ ಅಲ್ಲವಾ?" ಎಂದರು. ಹೌದೆಂದೆ.

ನಮ್ಮಲ್ಲಿ ಮದುವೆಯ ಮರುದಿನ ಹೆಣ್ಣು ಗಂಡನ ಜೊತೆ ತವರಿಗೆ ಬರುವ ಕ್ರಮ. ಆ ಹೊತ್ತು ನೋಡಿ ಟೆಲಿಫೋನ್ ಕ್ಯಾಬಿನ್ನಿನಿಂದ ನೆರೆಮನೆಗೆ ಫೋನ್ ಹಚ್ಚಿದೆ. ಅವಳನ್ನು ಕರೆದುಕೊಂಡು ಬಂದರು. ನಾವು ಆಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಯಾರು ಒಪ್ಪಿಸಿಕೊಟ್ಟದ್ದು?" ಎಂದು ಕೇಳಿದೆ.

"ಸಣ್ಣ ಮಾವ. ಮೈಕ್ ಹಿಡ್ಕೊಂಡು ಅರ್ಧ ಗಂಟೆ ಮಾತಾಡಿದ್ರು. ಅತ್ತದ್ದೂ ಅವರೇ. ನಮ್ಗೆ ಅಳ್ಲಿಕ್ಕೆ ಪುರ್ಸೊತ್ತೇ ಕೊಡ್ಲಿಲ್ಲ."

"ಅಮ್ಮ?"

"ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ಳು. ಕೊನೆ ತನಕ ನೀನು ಬರ್ತೀ ಅಂತ."

ನಾನು ನಡೆದದ್ದನ್ನು ಹೇಳಿದೆ. ಕಾಡುಕೋಣ, ಹುತ್ತ, ತಟ್ಟೆ. ಅವಳು ಕೇಳಿಸಿಕೊಂಡಳು.

"ಅಣ್ಣ, ಒಂದು ತುಂಡು ಲಿವರ್ ತಿಂದಿದ್ರೆ ಆ ಅರಬಿ ಎಂತ ಸಾಯ್ತಿದ್ನಾ?"

"ಸಾಯ್ತಿರ್ಲಿಲ್ಲ."

"ಮತ್ತೆ?"

"ಬಡಿಸಿದ್ದು ನಾನು."

"ನಿನ್ನ ಬಡಿಸುವ ಕೈಯೇ ನಿಂಗೆ ದೊಡ್ಡದು, ಆಗ್ಲಿ" ಎಂದಳು. "ನಾನು ಸಿಟ್ಟು ಬಿಟ್ಟಿಲ್ಲ, ಹೇಳಿಟ್ಟಿರ್ತೇನೆ. ಯಾವಾಗ ಬರುದು?"

"ನಾಳೆ ವಿಮಾನ. ಆದಿತ್ಯವಾರ ಮುಟ್ಟುತ್ತೇನೆ."

"ಇವ್ರು ಹಡಗಿಗೆ ಹೋಗ್ಲಿಕ್ಕೆ ಇನ್ನು ಹತ್ತು ದಿನ ಉಂಟು. ಬಂದ ದಿನ ಅಮ್ಮನ ಹತ್ರ ಕೂತ್ಕೋ. ಮರುದಿನ ನಮ್ಮಲ್ಲಿಗೆ ಬಾ. ನನ್ನ ಅತ್ತೆಯವ್ರಿಗೆ ನಿನ್ನ ಕೈಯಡುಗೆ ತಿನ್ನಿಸ್ಬೇಕು, ಮದುವೆ ಊಟದಲ್ಲಿ ಉಪ್ಪೇ ಇರ್ಲಿಲ್ಲ ಅಂತ ಬೆಳಿಗ್ಗೆಯಿಂದ ನಂಗೆ ಹೇಳ್ತಾ ಇದ್ದಾರೆ."

"ಎಷ್ಟು ಜನ?" ಎಂದು ಕೇಳಿದೆ.

"ನಲವತ್ತು."

"ಹಂದಿ ಎಷ್ಟು ಕಿಲೋ ಹೇಳ್ಬೇಕು ಅಂತ ಸಣ್ಣ ಮಾವನ ಹತ್ರ ನಾನೇ ಮಾತಾಡ್ತೇನೆ. ನೀನು ಮಸಾಲೆ ಅರೆದು ಇಡ್ಬೇಡ, ನಾನು ಬಂದು ಅರೀತೇನೆ" ಎಂದೆ.